ಮೂವತ್ತು ಇದ್ದದ್ದು ಹನ್ನೊಂದು

"ಮುಟ್ಟೋದು ನೀವು, ನೋಡೋದು ನಾವು," ಎನ್ನುತ್ತಾ ಇನ್ಸ್‌ಪೆಕ್ಟರ್ ಅರಗಿನ ಮುದ್ರೆಯನ್ನು ಬ್ಲೇಡಿನಿಂದ ಕತ್ತರಿಸಿದರು. "ಒಂದು ಗಂಟೆ ಟೈಮು. ಒಂದು ಸ್ಕ್ರೂ ಕಳೆದರೂ ನನ್ನ ನೌಕರಿಗೆ ಕುತ್ತು."

ಚೀಲದಿಂದ ಹೊರಬಂದದ್ದು ಮೊಣಕಾಲೆತ್ತರದ ಸ್ಟೀಲ್ ಡ್ರಮ್ಮಿನ ವ್ಯಾಕ್ಯೂಮ್ ಕ್ಲೀನರ್. ತಲೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದ ಮೇಲೆ ರಿಪೇರಿ ಅಂಗಡಿಯ ಹಳದಿ ಚೀಟಿ. ಆ ಚೀಟಿಯನ್ನು ಅಂಟಿಸಿದ್ದು ಇಕ್ಕಳಕ್ಕನ ತಮ್ಮ. ಚೀಟಿಯ ಮೇಲಿನ ದಿನಾಂಕಕ್ಕೂ ಟೀಚರಮ್ಮ ಸತ್ತ ದಿನಕ್ಕೂ ನಡುವೆ ಸರಿಯಾಗಿ ಎಂಟು ದಿನ.

ಒರೆಸಿದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಈ ಡ್ರಮ್ಮನ್ನು ಮುಟ್ಟಿದ ಟೀಚರಮ್ಮ ಮತ್ತೆ ಏಳಲಿಲ್ಲ. ತಮ್ಮ ಈಗ ಇದೇ ಕಟ್ಟಡದ ಹಿಂಭಾಗದ ಲಾಕಪ್ಪಿನಲ್ಲಿದ್ದ. "ತಪ್ಪು ನನ್ನದೇ" ಎಂದು ಮೊದಲ ದಿನವೇ ಬರೆದುಕೊಟ್ಟಿದ್ದ. ವಕೀಲರು ಬೇಡ ಎಂದಿದ್ದ. ಅಕ್ಕನ ಮುಖವನ್ನೂ ನೋಡಲು ಒಪ್ಪಿರಲಿಲ್ಲ. ಕಾನ್‌ಸ್ಟೆಬಲ್ ಕೈಲಿ ಒಂದೇ ಮಾತು ಹೇಳಿ ಕಳಿಸಿದ್ದ: "ಅದನ್ನ ಬಿಚ್ಚೋಕೆ ಹೋಗಬೇಡ ಅಂತ ಅಕ್ಕನಿಗೆ ಹೇಳಿ."

ಪಾಪದವನು, ತಪ್ಪು ತನ್ನದೇ ಎಂದು ನಂಬಿ, ಅದು ಅಕ್ಕನ ಕಣ್ಣಿಗೆ ಬೀಳುತ್ತದಲ್ಲ ಎಂದು ನಾಚಿಕೊಂಡಿದ್ದಾನೆ ಎಂದುಕೊಂಡಿದ್ದಳು ಇಕ್ಕಳಕ್ಕ. ಆದರೆ ಇಪ್ಪತ್ತೆಂಟು ವರ್ಷದಿಂದ ಎದುರುಬದುರು ಕೂತು ಕೆಲಸ ಮಾಡಿದವನ ಕೈ ಅವಳಿಗೆ ಗೊತ್ತು. ಅದು ತಪ್ಪುವ ಕೈಯಲ್ಲ. ಅದನ್ನು ರುಜುವಾತು ಮಾಡಲೆಂದೇ ಐದು ದಿನ ಈ ಠಾಣೆಯ ಮೆಟ್ಟಿಲು ಸವೆಸಿ ಈ ಒಂದು ಗಂಟೆ ಸಂಪಾದಿಸಿದ್ದಳು.

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೊಂದು ಬಿಳಿ ಬಟ್ಟೆ ಹರಡಿದಳು. ಸ್ಕ್ರೂಡ್ರೈವರ್, ಟಾರ್ಚು, ವರ್ನಿಯರ್ ಕ್ಯಾಲಿಪರ್, ಮತ್ತು ಬೀದಿಯವರು ಅವಳಿಗೆ ಹೆಸರಿಡಲು ಕಾರಣವಾದ ಹಿಡಿ ಸವೆದ ಇಕ್ಕಳ. ಎಲ್ಲವನ್ನೂ ಸಾಲಾಗಿ ಇಟ್ಟಳು.

"ನೀವು ಎಡಚೀನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹುಟ್ಟಿನಿಂದ ಸಾರ್."

"ಎಡಗೈಯವರಿಗೆ ಬುದ್ಧಿ ಜಾಸ್ತಿ ಅಂತಾರೆ."

"ನಮ್ಮಪ್ಪ ಹಾಗನ್ನಲಿಲ್ಲ. ನಿನಗೆ ಕೆಲಸ ಕಲಿಸೋದು ಒಂದೇ, ಕನ್ನಡಿಗೆ ಕಲಿಸೋದು ಒಂದೇ ಅಂತಿದ್ರು."

ಕಿಟಕಿಯ ಬಳಿ ನಿಂತಿದ್ದವನಿಗೆ ಈ ಹರಟೆ ಹಿಡಿಸಲಿಲ್ಲ. ಅವನು ಟೀಚರಮ್ಮನ ಒಬ್ಬನೇ ಮಗ, ಔಷಧದಂಗಡಿಯವನು. ಐದು ದಿನದಿಂದ ಗಡ್ಡ ತೆಗೆದಿರಲಿಲ್ಲ. "ಸಾರ್, ಒಪ್ಪಿಕೊಂಡವನು ಒಳಗಿದ್ದಾನೆ. ಇನ್ನು ಈ ಪೂಜೆ ಯಾವ ಸಂಭ್ರಮಕ್ಕೆ?"

"ಅವರಿಗೂ ನೋಡೋ ಹಕ್ಕಿದೆ. ನೀವು ಕೂತ್ಕೊಳ್ಳಿ."

"ನಾನು ನಿಂತೇ ಇರ್ತೀನಿ. ಮೆಕ್ಯಾನಿಕ್ ಮೇಡಂ ಕೈಚಳಕ ನೋಡಬೇಕು. ಕಣ್ಣೆದುರಿಗೇ ಏನಾದರೂ ಮಾಯ ಆದರೆ?"

ಇಕ್ಕಳಕ್ಕ ತಲೆ ಎತ್ತಲಿಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ಇವನು ಟೀಚರಮ್ಮನ ಸೀರೆಯ ಅಂಚು ಹಿಡಿದು ಲ್ಯಾಬಿಗೆ ಬರುತ್ತಿದ್ದ. ವರ್ನಿಯರ್ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಟೀಚರಮ್ಮ. "ಅಳತೆ ಸುಳ್ಳು ಹೇಳಲ್ಲ ಕಣೇ, ಅಳೆಯೋವ್ರು ಹೇಳ್ತಾರೆ" ಎನ್ನುತ್ತಿದ್ದರು.

ಮೊದಲು ಮೆದುಗೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಚೆ ತುದಿ ದುಂಡಗೆ ಕಂಡಿತು, ಎಲ್ಲೂ ಕಟ್ಟಿರಲಿಲ್ಲ. ಧೂಳಿನ ಚೀಲ ಕಾಲುಭಾಗವೂ ತುಂಬಿರಲಿಲ್ಲ. ಫಿಲ್ಟರನ್ನು ಮೂಸಿದಳು.

"ಏನು ಗೊತ್ತಾಗುತ್ತೆ ಮೂಸಿದರೆ?" ಎಂದರು ಇನ್ಸ್‌ಪೆಕ್ಟರ್.

"ತೊಳೆದ ಫಿಲ್ಟರನ್ನ ಒಂದು ದಿನ ಪೂರ್ತಿ ನೆರಳಲ್ಲಿ ಒಣಗಿಸಬೇಕು ಸಾರ್. ಅವಸರ ಮಾಡಿ ಹಸೀದನ್ನೇ ಹಾಕಿದರೆ ಮುಗ್ಗಲು ವಾಸನೆ ಬರುತ್ತೆ, ನೀರು ಮೋಟರಿಗೆ ಹೋಗುತ್ತೆ. ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಹಸೀದನ್ನೇ ಹಾಕ್ತಾರೆ. ಇದು ಗರಿಗರಿ ಒಣಗಿದೆ."

"ಅಮ್ಮ ಎರಡು ದಿನ ಒಣಗಿಸ್ತಿದ್ರು." ಔಷಧದಂಗಡಿಯವನ ಧ್ವನಿ ಒಮ್ಮೆಲೇ ಸಣ್ಣದಾಯಿತು. ಆಮೇಲೆ ಅದಕ್ಕೇ ತನ್ನ ಮೇಲೆ ಸಿಟ್ಟು ಬಂದಂತೆ, "ಅವರು ಎಲ್ಲಾ ಸರಿಯಾಗೇ ಮಾಡ್ತಿದ್ರು. ಸರಿಯಾಗಿ ಮಾಡದವರ ಕೈಗೆ ಕೊಟ್ಟಿದ್ದೊಂದೇ ತಪ್ಪು," ಎಂದ.

ಇಕ್ಕಳಕ್ಕ ಮುಚ್ಚಳದ ಮೂರು ಸ್ಕ್ರೂ ತೆಗೆದಳು. ಮುಚ್ಚಳವನ್ನು ಎತ್ತಿ ಮೋಟರಿನ ಎಡಕ್ಕೆ, ಒಳಮೈ ಮೇಲಾಗಿ ಇಟ್ಟಳು.

"ಅಷ್ಟು ಜೋಪಾನವಾಗಿ ಎಡಕ್ಕೇ ಯಾಕೆ?"

"ಅಪ್ಪನ ಕಾಲದ ನಿಯಮ ಸಾರ್. ಮುಚ್ಚಳ ಅದರ ಮೋಟರಿನ ಎಡಕ್ಕೇ ಇರಬೇಕು. ನಾಲ್ಕು ಮಷೀನ್ ಒಟ್ಟಿಗೆ ಬಿಚ್ಚಿ ಹರಡಿದರೂ ಒಂದರದ್ದು ಇನ್ನೊಂದಕ್ಕೆ ಹೋಗಬಾರದಲ್ಲ."

ಎದುರುಗಡೆ ನಿಂತಿದ್ದ ಇನ್ಸ್‌ಪೆಕ್ಟರ್ ನಕ್ಕರು. "ನನ್ನ ಕಡೆಯಿಂದ ಅದು ಬಲಕ್ಕಿದೆಯಲ್ಲಮ್ಮ."

"ಮೇಜು ನಿಮ್ಮದು, ಎಡ ನನ್ನದು ಸಾರ್."

ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ ಕಂಡಿತು. ತಮ್ಮನ ಕೈಬರಹ. ರಿಪೇರಿಯ ದಿನಾಂಕ, ಅದರ ಕೆಳಗೆ 'ಹೊಸ ಬ್ರಷ್ ೩೦', ಅದರ ಕೆಳಗೆ 'ಅರ್ತ್ ಸರಿ'.

ಇನ್ಸ್‌ಪೆಕ್ಟರ್ ಪೆನ್ನಿನ ತುದಿಯಿಂದ ಕೊನೆಯ ಸಾಲನ್ನು ತೋರಿಸಿದರು. "ಇದೇ ನೋಡಿ ನನ್ನ ಕೇಸು. ಅರ್ತ್ ಸರಿ ಅಂತ ಬರೆದಿದ್ದಾನೆ. ಈಗ ಒಳಗೆ ನೋಡಿ."

ಒಳಗೆ ನೋಡಬೇಕಾದದ್ದು ಹೆಚ್ಚೇನಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕರೆಂಟು ತರುವ ತಂತಿಯ ಕ್ಲಿಪ್ಪು ಬಿಸಿಗೆ ಸಡಿಲಾಗಿ ಜಾರಿ, ಮೋಟರಿನ ಕೆಳಗಿನ ಲೋಹದ ತಟ್ಟೆಗೆ ತಾಗಿತ್ತು. ತಟ್ಟೆ ಡ್ರಮ್ಮಿಗೆ ತಾಗಿತ್ತು. ಹಾಗೆ ಜಾರಿದ ಕರೆಂಟನ್ನು ಸುಮ್ಮನೆ ನೆಲಕ್ಕೆ ಕಳಿಸಬೇಕಾದ ಹಸಿರು ತಂತಿ, ಅದೇ ಅರ್ತ್, ಎಲ್ಲಿಗೂ ಸೇರಿರಲಿಲ್ಲ. ಅದರ ತುದಿ ಕತ್ತರಿಸಿ, ಹಿಂದಕ್ಕೆ ಮಡಚಿ, ಟೇಪು ಸುತ್ತಿತ್ತು.

ಯಾವ ಮನೆಹಾಳನ ಕೆಲಸ ಇದು ಎಂದುಕೊಂಡಳು ಇಕ್ಕಳಕ್ಕ.

"ನಿಮ್ಮ ತಮ್ಮ ಮಡಚಿದ ತಂತಿ ನಮ್ಮಮ್ಮನ ಕೊರಳಿಗೆ ಉರುಳಾಯ್ತು," ಎಂದ ಔಷಧದಂಗಡಿಯವನು. "ಈಗ ಹೇಳಿ ಮೇಡಂ. ಟೇಪು ತಾನೇ ಬಂದು ಸುತ್ತಿಕೊಳ್ತಾ?"

"ನನ್ನ ತಮ್ಮ ಇದನ್ನ ಮಾಡಿಲ್ಲ."

"ಅವನೇ ಮಾಡಿದೆ ಅಂತಾನೆ. ನೀವು ಇಲ್ಲ ಅಂತೀರ. ಅಕ್ಕತಮ್ಮ ಮೊದಲು ನಿಮ್ಮ ನಿಮ್ಮಲ್ಲಿ ಒಂದು ಮಾತಿಗೆ ಬನ್ನಿ."

ಇಕ್ಕಳಕ್ಕ ಮೋಟರಿನ ಪಕ್ಕದ ಎರಡು ಪುಟ್ಟ ಗೂಡುಗಳಿಗೆ ಟಾರ್ಚು ಬಿಟ್ಟಳು. ಅಲ್ಲಿ ಕಾರ್ಬನ್ ಬ್ರಷ್ ಇರುತ್ತವೆ. ಹೆಸರಿಗೆ ಬ್ರಷ್, ನೋಡಲು ಎರಡು ಕರಿ ಇದ್ದಿಲ ತುಂಡು. ಮೋಟರು ತಿರುಗುವಾಗಲೆಲ್ಲ ಅದಕ್ಕೆ ಒತ್ತಿಕೊಂಡು ಕರೆಂಟು ದಾಟಿಸುತ್ತವೆ, ಪೆನ್ಸಿಲಿನ ಹಾಗೆ ತಾವು ಸವೆಯುತ್ತವೆ. ಇಕ್ಕಳದಿಂದ ಸ್ಪ್ರಿಂಗ್ ಸರಿಸಿ ಒಂದನ್ನು ಹೊರಗೆಳೆದಳು.

ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಇನ್ನೊಂದನ್ನೂ ಎಳೆದಳು. ವರ್ನಿಯರ್ ಹಿಡಿದು ಅಳೆದಳು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ಅಳೆದಳು.

"ಸಾರ್, ಇದನ್ನ ನೀವೇ ಓದಿ."

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ಬಾಗಿದರು. "ಹನ್ನೊಂದು."

"ಮುಚ್ಚಳದಲ್ಲಿ ಎಷ್ಟು ಬರೆದಿದೆ?"

"ಮೂವತ್ತು."

"ಎರಡೂ ಮಿಲಿಮೀಟರ್ ಲೆಕ್ಕ. ಹೊಸದು ಮೂವತ್ತು ಇರುತ್ತೆ. ನೂರು ಗಂಟೆ ಓಡಿದರೆ ನಾಲ್ಕು ಸವೆಯುತ್ತೆ. ಇಲ್ಲಿ ಹತ್ತೊಂಬತ್ತು ಸವೆದಿದೆ. ಅಂದರೆ ನಾನೂರ ಎಪ್ಪತ್ತು ಚಿಲ್ಲರೆ ಗಂಟೆ."

"ಟೀಚರಮ್ಮ ಎಂಟು ದಿನ ಓಡಿಸಿದ್ದಾರಲ್ಲ."

"ಎಂಟು ದಿನಕ್ಕೆ ಎಷ್ಟು ಗಂಟೆ ಸಾರ್?"

ಇನ್ಸ್‌ಪೆಕ್ಟರ್ ಬಾಯಲ್ಲೇ ಗುಣಿಸಿದರು. ಅವರ ಹುಬ್ಬು ನಿಧಾನವಾಗಿ ಮೇಲೇರಿತು. "ನೂರ ತೊಂಬತ್ತೆರಡು."

"ಅವರು ಊಟ ನಿದ್ದೆ ಬಿಟ್ಟು, ಹಗಲೂ ರಾತ್ರಿ ಕಸ ಹೊಡೆದರೂ ನೂರ ತೊಂಬತ್ತೆರಡೇ. ಈ ಬ್ರಷ್ ಇಷ್ಟು ಸವೆಯೋಕೆ ಸಾಧ್ಯವೇ ಇಲ್ಲ."

ಇನ್ಸ್‌ಪೆಕ್ಟರ್ ಮುಚ್ಚಳದ ಬರಹವನ್ನು ಇನ್ನೊಮ್ಮೆ ಓದಿದರು.

"ನಿಮ್ಮ ತಮ್ಮ ಹಳೇದನ್ನೇ ಬಿಟ್ಟು ಹೊಸದು ಹಾಕಿದೆ ಅಂತ ಬರೆದಿರಬಹುದಲ್ಲ?"

ಇದಕ್ಕೆ ಉತ್ತರ ಕೊಟ್ಟದ್ದು ಔಷಧದಂಗಡಿಯವನು. ಅರಿವಿಲ್ಲದೆಯೇ ಬಾಯಿಬಿಟ್ಟ. "ಹಳೇದನ್ನ ವಾಪಸ್ ಕೊಟ್ಟಿದ್ರು. ಲಕೋಟೆಯಲ್ಲಿ. ಅಮ್ಮನ ಮೇಜಿನ ಮೇಲೇ ಇದೆ."

"ತೆಗೆದ ಸಾಮಾನು ಗಿರಾಕಿಗೇ ವಾಪಸ್ ಕೊಡಬೇಕು ಅನ್ನೋದೂ ಅಪ್ಪನ ನಿಯಮ," ಎಂದಳು ಇಕ್ಕಳಕ್ಕ. ಐದು ದಿನದಲ್ಲಿ ಮೊದಲ ಬಾರಿಗೆ ಅವಳ ಬೆನ್ನು ನೆಟ್ಟಗಾಯಿತು. "ಸಾರ್, ಮುಚ್ಚಳ ನಮ್ಮ ತಮ್ಮ ಬರೆದದ್ದು. ಅದರ ಕೆಳಗಿರೋ ಮೋಟರು ಅವನು ಮುಟ್ಟಿದ್ದಲ್ಲ. ಬೇರೆ ಮನೆಯಲ್ಲಿ, ದಿನಕ್ಕೆ ಅರ್ಧ ಗಂಟೆಯ ಹಾಗೆ ಎರಡೂವರೆ ವರ್ಷ ಓಡಿದ ಮೋಟರು. ಇದನ್ನ ತಂದು ಇದರೊಳಗೆ ಇಟ್ಟಿದ್ದಾರೆ."

"ಯಾರು?"

"ಅದನ್ನ ಹುಡುಕೋದು ನಿಮ್ಮ ಕೆಲಸ. ನನ್ನ ತಮ್ಮನನ್ನ ಬಿಡಿ."

ಇನ್ಸ್‌ಪೆಕ್ಟರ್ ಕುರ್ಚಿ ಸರಿಸಿ ಎದ್ದರು. ಅಜಾಗರೂಕತೆಯ ಸಾವು ಎಂದು ಕಟ್ಟಿಟ್ಟಿದ್ದ ಕಡತ ಅವರ ಕೈಯಲ್ಲಿ ಬೇರೆಯೇ ತೂಕ ಪಡೆದಂತಿತ್ತು. ಅವರು ಮೇಜು ಸುತ್ತಿ ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟರು, ಏನನ್ನೂ ಕೇಳಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ.

"ನನ್ನದು ಯಾವತ್ತೋ ಗುಜರಿಗೆ ಹೋಯ್ತು," ಎಂದ ಔಷಧದಂಗಡಿಯವನು.

"ಯಾವುದು ನಿಮ್ಮದು?"

ಅವನು ನಾಲಿಗೆ ಕಚ್ಚಿಕೊಂಡ. "ಮಷೀನು. ಇಂಥದ್ದೇ. ಎರಡು ಒಟ್ಟಿಗೆ ತಗೊಂಡಿದ್ದೆ. ಒಂದು ಅಮ್ಮನಿಗೆ, ಒಂದು ಅಂಗಡಿಗೆ."

"ಯಾವಾಗ?"

"ಎರಡೂವರೆ... ಮೂರು ವರ್ಷ ಆಗಿರಬೇಕು."

"ಗುಜರಿಗೆ ಯಾವಾಗ ಹಾಕಿದ್ರಿ?"

"ಹೋದ ತಿಂಗಳು. ಮೋಟರ್ ಸುಟ್ಟಿತ್ತು. ಬೀದಿಯಲ್ಲಿ ಕೂಗಿಕೊಂಡು ಹೋಗೋವನಿಗೆ ಕೊಟ್ಟೆ. ಅವನನ್ನ ಎಲ್ಲಿಂದ ತರಲಿ ಸಾರ್?"

"ಅಮ್ಮನ ಮನೆ ಕೀಲಿ?"

"ನನ್ನ ಹತ್ರ ಒಂದಿದೆ. ಮಗನ ಹತ್ರ ಕೀಲಿ ಇರೋದು ಅಪರಾಧವಾ?"

"ಅವರು ತೀರಿಕೊಂಡ ಹಿಂದಿನ ದಿನ ಸಾಯಂಕಾಲ ಅಲ್ಲಿಗೆ ಹೋಗಿದ್ರಿ. ಅವರು ಮನೇಲಿರಲಿಲ್ಲ. ಪಕ್ಕದ ಮನೆಯವರು ಹೇಳಿದ್ದಾರೆ. ಮುಕ್ಕಾಲು ಗಂಟೆ ಒಳಗೆ ಏನ್ ಮಾಡ್ತಿದ್ರಿ?"

"ಕಾಯ್ತಿದ್ದೆ." ಅವನು ಗೋಡೆಗೆ ಒರಗಿದ. "ಹೋದ ವಾರ ಜಗಳ ಆಡಿದ್ದೆ. ಕಣ್ಣು ಸರಿ ಕಾಣಲ್ಲ, ಒಬ್ಬರೇ ಇರಬೇಡಿ, ನಮ್ಮ ಮನೆಗೆ ಬನ್ನಿ ಅಂತ. ಒಪ್ಪಲಿಲ್ಲ. ಜೋರಾಗಿ ಮಾತಾಡಿಬಿಟ್ಟೆ. ಕ್ಷಮಿಸಿ ಅನ್ನೋಣ ಅಂತ ಹೋಗಿದ್ದೆ. ಅವರು ಬರಲೇ ಇಲ್ಲ."

"ಹ್ಞೂ. ಕ್ಷಮೆ ಕೇಳೋಕೆ ಹೋದವರು ಸ್ಕ್ರೂಡ್ರೈವರ್ ತಗೊಂಡು ಹೋಗಿರಲಿಲ್ಲ ತಾನೆ?"

ಇಷ್ಟು ಹೊತ್ತು ಇಕ್ಕಳಕ್ಕನನ್ನು ಚುಚ್ಚುತ್ತಿದ್ದ ಅವನ ಕಣ್ಣುಗಳು ಈಗ ಅವಳ ಮುಖದಲ್ಲಿ ಏನನ್ನೋ ಹುಡುಕಿದವು. ಅವಳಿಗೆ ಕನಿಕರ ಬರಲಿಲ್ಲ. ನಿನ್ನ ಸರದಿ, ಎಂದುಕೊಂಡಳು. ನನ್ನ ತಮ್ಮ ಐದು ದಿನ ಕೂತ ಕಡೆ ಐದು ಗಂಟೆ ನೀನೂ ಕೂತು ನೋಡು.

ಆ ಕಹಿಯಲ್ಲಿ ಒಂದು ಖುಷಿಯೂ ಇತ್ತು. ಅದೇ ಖುಷಿ ಅವಳಿಂದ ಆಡಬಾರದ ಮಾತನ್ನು ಆಡಿಸಿತು.

"ಅಮ್ಮಾ," ಎಂದರು ಇನ್ಸ್‌ಪೆಕ್ಟರ್, "ಇದನ್ನ ಒಳಗಿಟ್ಟ ಕೈ ಯಾವುದು ಅಂತ ಮೋಟರ್ ನೋಡಿ ಹೇಳೋಕಾಗುತ್ತಾ? ಏನಾದರೂ ಗುರುತು?"

"ಆಗುತ್ತೆ ಸಾರ್. ಗಂಟು ನೋಡಿದರೆ ಕೈ ಗೊತ್ತಾಗುತ್ತೆ."

"ಯಾವ ಗಂಟು?"

"ವೈರು ಒಳಗೆ ಬರೋ ಜಾಗದಲ್ಲಿ ಒಂದು ಗಂಟು ಹಾಕಬೇಕು. ಹೊರಗಿನಿಂದ ಯಾರಾದರೂ ಜಗ್ಗಿದರೆ ಗಂಟು ತಡೆಯುತ್ತೆ, ತಂತಿ ಕಿತ್ತು ಬರಲ್ಲ. ಒಬ್ಬೊಬ್ಬ ಮೆಕ್ಯಾನಿಕ್ಕು ಒಂದೊಂದು ಥರ ಹಾಕ್ತಾನೆ. ನಮ್ಮದು ಅಪ್ಪ ಕಲಿಸಿದ ಗಂಟು, ಬೇರೆ ಅಂಗಡಿಯವರಿಗೆ ಬರಲ್ಲ. ಕೈಬರಹ ಇದ್ದ ಹಾಗೆ. ಕೋರ್ಟಲ್ಲಿ ಬೇಕಾದರೂ ನಿಂತು ಹೇಳ್ತೀನಿ."

"ಬರ್ಕೊಳ್ಳಪ್ಪ," ಎಂದರು ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ಲಿಗೆ. "ಗಂಟು ನೋಡಿದರೆ ಕೈ ಗೊತ್ತಾಗುತ್ತೆ."

ಇಕ್ಕಳಕ್ಕ ಮೋಟರನ್ನು ಹಿಂದುಮುಂದಾಗಿ ತಿರುಗಿಸಿದಳು. ವೈರು ಒಳಬರುವಲ್ಲಿ ಹೆಬ್ಬೆರಳಗಲದ ಒಂದು ಕ್ಯಾಪು, ಅದಕ್ಕೆ ಎರಡು ಸ್ಕ್ರೂ. ಸರ್ಕಾರಿ ತಪಾಸಣೆಯವರು ಇದನ್ನು ಮುಟ್ಟಿರಲಿಲ್ಲ. ಕಣ್ಣು ಕಿಟಕಿಯ ಬಳಿಯವನ ಮೇಲಿದ್ದಂತೆಯೇ ಬಲ ಸ್ಕ್ರೂ ತೆಗೆದು ಬಟ್ಟೆಯ ಮೇಲಿಟ್ಟಳು. ಎಡದ್ದನ್ನೂ ತೆಗೆದು ಪಕ್ಕಕ್ಕೆ ಇಟ್ಟಳು.

ಬಿಳಿ ಬಟ್ಟೆಯ ಮೇಲೆ ಅವುಗಳ ತಲೆಗಳು ನೇರಳೆ ಬಣ್ಣದಲ್ಲಿ ಮಿನುಗಿದವು.

ಉಗುರಿನ ಬಣ್ಣ. ಮೋಟರಿನ ನಡುಕಕ್ಕೆ ಸ್ಕ್ರೂ ಸಡಿಲಾಗದಿರಲೆಂದು ಒಂದು ತೊಟ್ಟು ಹಚ್ಚುವುದು. ತಮ್ಮ ಇದನ್ನು ಹಚ್ಚುವವನಲ್ಲ, "ಸ್ಕ್ರೂಗೂ ಶೃಂಗಾರವಾ ಅಕ್ಕ?" ಎಂದು ನಗುವವನು. ಈ ನೇರಳೆ ಅವಳ ಮಗಳು ಬೇಡವೆಂದು ಮೂಲೆಗೆ ಎಸೆದ ಶೀಶೆಯದು.

ಬೇಡ ಎಂದು ಮನಸ್ಸು ಹೇಳುತ್ತಿರುವಾಗಲೇ ಕೈ ಕ್ಯಾಪು ಎತ್ತಿತು.

ಗಂಟು ಅಪ್ಪನದೇ. ಆದರೆ ಕನ್ನಡಿಯಲ್ಲಿ ಕಂಡ ಹಾಗಿತ್ತು. ಬಲಕ್ಕೆ ಸುತ್ತಬೇಕಾದ ಕುಣಿಕೆ ಎಡಕ್ಕೆ ಸುತ್ತಿತ್ತು.

ಈ ಲೋಕದಲ್ಲಿ ಆ ಗಂಟನ್ನು ಹಾಗೆ ಹಾಕುವ ಕೈ ಒಂದೇ. ಆ ಕೈ ಈಗ ಕ್ಯಾಪು ಹಿಡಿದು ನಿಂತಿತ್ತು.

ಎರಡೂವರೆ ವರ್ಷ. ದಿನಕ್ಕೆ ಅರ್ಧ ಗಂಟೆ. ಅದು ಅವಳ ಮನೆಯ ಲೆಕ್ಕ. ಯಾರೋ ಬಿಟ್ಟುಹೋದ ಇಂಥದ್ದೇ ಮಷೀನಿಗೆ ಹೊಸ ಬ್ರಷ್, ಹೊಸ ವೈರು ಹಾಕಿ ಮನೆಗೆ ಒಯ್ದಿದ್ದಳು. ಹೋದ ವರ್ಷ ಅದರ ಅರ್ತ್ ತಂತಿ ತುದಿಯಲ್ಲಿ ತುಂಡಾಯಿತು. ನಮ್ಮ ಮನೆಯದೇ ತಾನೆ, ನಾಳೆ ಹಾಕಿದರಾಯಿತು ಎಂದು ಕತ್ತರಿಸಿ, ಮಡಚಿ, ಟೇಪು ಸುತ್ತಿದ್ದಳು. ಆ ನಾಳೆ ಬಂದಿರಲಿಲ್ಲ. ಬೇರೆಯವರ ಮಷೀನಿನಲ್ಲಿ ಇಂಥ ಕೆಲಸ ಕಂಡರೆ ಅದನ್ನು ಮಾಡಿದವನ ಜನ್ಮ ಜಾಲಾಡುವವಳು ಅವಳು. ಊರಿಗೆ ಉಪಕಾರಿ, ಮನೆಗೆ ಮಾರಿ.

"ಅಮ್ಮ, ಮಷೀನ್ ಮುಟ್ಟಿದರೆ ಜುಂ ಅನ್ನುತ್ತೆ," ಎಂದಿದ್ದಳು ಮಗಳು.

"ಚಪ್ಪಲಿ ಹಾಕ್ಕೊಂಡು ಮುಟ್ಟು," ಎಂದಿದ್ದಳು ಇವಳು.

"ಗುರುತು ಸಿಕ್ತಾ?" ಇನ್ಸ್‌ಪೆಕ್ಟರ್ ದೂರದಿಂದ ಕೇಳಿದರು.

"ನೋಡ್ತಿದ್ದೀನಿ ಸಾರ್."

ನೋಡುತ್ತಲೇ ಇದ್ದಳು, ಆದರೆ ನೋಡುತ್ತಿದ್ದದ್ದು ಅಂಗಡಿಯ ಮೇಜನ್ನು. ಹದಿಮೂರು ದಿನದ ಹಿಂದಿನ ಮಧ್ಯಾಹ್ನ. ಎಷ್ಟು ಹೇಳಿದರೂ ಕೇಳದ ಅಕ್ಕನ ಮಷೀನನ್ನು ತಮ್ಮ ತಾನೇ ಹೊತ್ತು ತಂದಿದ್ದ. "ಇವತ್ತು ನಿನ್ನದಕ್ಕೂ ಅರ್ತ್ ಹಾಕಿಬಿಡ್ತೀನಿ, ಟೀಚರಮ್ಮಂದು ಮುಗಿಸಿ." ಎರಡೂ ಮಷೀನಿನ ತಲೆಗಳನ್ನು ಬಿಚ್ಚಿ, ಮುಚ್ಚಳಗಳನ್ನು ತೊಳೆದು, ನಿಯಮದಂತೆ ಸಾಲಾಗಿ ಇಟ್ಟಿದ್ದ: ಟೀಚರಮ್ಮನ ಮುಚ್ಚಳ, ಅದರ ಮೋಟರು, ಅಕ್ಕನ ಮುಚ್ಚಳ, ಅದರ ಮೋಟರು. ಟೀಚರಮ್ಮನದನ್ನು ಮುಗಿಸಿ, ಮೀಟರಿನಲ್ಲಿ ಪರೀಕ್ಷಿಸಿ, ಮುಚ್ಚಳದಲ್ಲಿ ಬರೆದು, ಅಕ್ಕನ ಮೋಟರನ್ನು ಇನ್ನೂ ಮುಟ್ಟದೆ, ಅವಳ ಮಷೀನಿಗೆ ಹೊಸ ಧೂಳಿನ ಚೀಲ ತರಲು ಹೊರಗೆ ಹೋಗಿದ್ದ.

ಆಗ ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. "ಆಯ್ತೇನೇ?"

ಬಿಚ್ಚಿದವರೇ ಮುಚ್ಚಬೇಕು ಎನ್ನುವುದೂ ಅಪ್ಪನ ನಿಯಮವೇ. ಆದರೆ ಕಣ್ಣು ಮಂಜಾದ ಹಿರಿಯರನ್ನು ಬಿಸಿಲಲ್ಲಿ ನಿಲ್ಲಿಸುವುದು ಹೇಗೆ? "ಆಯ್ತು ಟೀಚರ್, ಒಂದೇ ನಿಮಿಷ," ಎಂದು ಎದುರು ಬದಿಯ ತನ್ನ ಕುರ್ಚಿಯಿಂದಲೇ ಕೈ ಚಾಚಿದ್ದಳು. ಪ್ರತಿ ಮೋಟರಿಗೂ ಅದರ ಎಡಕ್ಕಿದ್ದ ಮುಚ್ಚಳ.

ಅವಳ ಎಡ. ತಮ್ಮನದಲ್ಲ.

ಅವಳ ಕಡೆಯಿಂದ ತಮ್ಮನು ಮುಗಿಸಿದ ಮೋಟರಿನ ಎಡಕ್ಕಿದ್ದದ್ದು ಅವಳ ಮನೆಯ ಮುಚ್ಚಳ. ಉಳಿದ ಮುಚ್ಚಳ, ಪೆನ್ಸಿಲಿನಲ್ಲಿ 'ಅರ್ತ್ ಸರಿ' ಎಂದು ಬರೆದದ್ದು, ಅರ್ತ್ ಇಲ್ಲದ ಮೋಟರಿನ ಮೇಲೆ ಕೂತಿತು. ಅದನ್ನು ಒರೆಸಿ, ಬಾಗಿಲವರೆಗೂ ಹೋಗಿ, ಟೀಚರಮ್ಮನ ಕೈಗೆ ಕೊಟ್ಟದ್ದು ಇದೇ ಎಡಗೈ.

ಚೀಲ ತಂದ ತಮ್ಮ ಕೇಳಿದ್ದ. "ನಿನ್ನದೂ ಮುಗಿಸಿಬಿಟ್ಯಾ?"

"ಹ್ಞೂ, ಮುಚ್ಚಿದೆ," ಎಂದಿದ್ದಳು.

ಈಗ ಎಲ್ಲಾ ಅರ್ಥವಾಯಿತು. ಟೀಚರಮ್ಮ ಸತ್ತ ದಿನ ಅವರ ಮನೆಯಲ್ಲಿ ಪೊಲೀಸರು ತಮ್ಮನ ಎದುರಿಗೇ ಮುಚ್ಚಳ ತೆಗೆದಿದ್ದರು. ಅವನು ನೇರಳೆ ಚುಕ್ಕೆಗಳನ್ನು ನೋಡಿದ್ದ. ಅಲ್ಲೇ, ಆ ಕ್ಷಣದಲ್ಲೇ, ತಪ್ಪು ನನ್ನದು ಎಂದಿದ್ದ. ವಕೀಲ ಬೇಡ, ಅಕ್ಕ ಬೇಡ, ಬಿಚ್ಚುವುದು ಬೇಡ. ಅವಳು ನಾಚಿಕೆ ಎಂದುಕೊಂಡದ್ದು ಕಾವಲಾಗಿತ್ತು.

ಆ ಕಾವಲನ್ನು ಅವಳೇ ಒಡೆದಿದ್ದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ.

ಇನ್ಸ್‌ಪೆಕ್ಟರ್ ಮೇಜಿನ ಬಳಿಗೆ ಬಂದರು. "ಹೇಳಿ ಅಮ್ಮ. ಈ ಗಂಟು ನಿಮ್ಮ ತಮ್ಮನದಾ?"

"ಅಲ್ಲ ಸಾರ್."

ಅದು ನಿಜ. ಬಾಯಿಂದ ಬಂದ ಮೇಲೆ ಆ ನಿಜದ ರುಚಿ ಬೇವಿಗಿಂತ ಕೆಟ್ಟದಾಗಿತ್ತು.

"ಖಂಡಿತ?"

"ಅವನು ಹೀಗೆ ಹಾಕಲ್ಲ. ಕೋರ್ಟಲ್ಲೂ ಹೇಳ್ತೀನಿ."

"ಅಷ್ಟು ಸಾಕು." ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. "ಇವರನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ. ಫೋನ್ ತಗೊಳ್ಳಿ. ಆಮೇಲೆ ಲಾಕಪ್ಪಿಂದ ಅವನನ್ನ ಕರ್ಕೊಂಡು ಬನ್ನಿ. ಅಕ್ಕನ ಹೇಳಿಕೆಗೆ ಸಹಿ ಆದ ತಕ್ಷಣ ಬಿಟ್ಟುಬಿಡೋಣ."

ಔಷಧದಂಗಡಿಯವನು ಫೋನನ್ನು ತಾನಾಗಿಯೇ ಕೊಟ್ಟ. ಬಾಗಿಲ ಬಳಿ ಒಂದು ಗಳಿಗೆ ನಿಂತ. ಚುಚ್ಚುಮಾತೆಲ್ಲ ಅವನಲ್ಲಿ ತೀರಿಹೋಗಿತ್ತು.

"ಅಮ್ಮ ನಿಮ್ಮ ಬಗ್ಗೆ ಹೇಳ್ತಿದ್ರು," ಎಂದ. "ಇಡೀ ಕ್ಲಾಸಿನಲ್ಲಿ ಉತ್ತರ ನೋಡಿಕೊಂಡು ಅಳತೆ ಬರೆಯದವಳು ಇವಳೊಬ್ಬಳೇ ಅಂತ. ಅದಕ್ಕೇ ನಿಮ್ಮ ಅಂಗಡಿಗೇ ಕೊಡಬೇಕು ಅಂತಿದ್ರು." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಾನು ಮಾಡಿಲ್ಲ. ನಿಮಗಾದರೂ ಗೊತ್ತಾಗಬೇಕು. ಆ ಗಂಟನ್ನ ಇನ್ನೊಂದು ಸಲ ನೋಡಿ."

ಇಕ್ಕಳಕ್ಕ ನೋಡಲಿಲ್ಲ. ಕಾನ್‌ಸ್ಟೆಬಲ್ ಅವನ ತೋಳು ಹಿಡಿದು ಕರೆದೊಯ್ದ.

ಹೇಳಿಕೆ ಅರ್ಧ ಪುಟವೂ ಇರಲಿಲ್ಲ. ಬ್ರಷ್ ಮೂವತ್ತು, ಈಗ ಹನ್ನೊಂದು. ಗಂಟು ತಮ್ಮನದಲ್ಲ, ಆದ್ದರಿಂದ ಹೊರಗಿನ ಕೈಯ ಕೆಲಸ. ಎಲ್ಲವೂ ಅವಳು ಆಡಿದ ಮಾತೇ. 'ಆದ್ದರಿಂದ' ಎನ್ನುವುದೊಂದು ಮಾತ್ರ ಇನ್ಸ್‌ಪೆಕ್ಟರದು. ಆ ಒಂದು ಪದಕ್ಕೆ ಅವಳು ಸುಮ್ಮನಿದ್ದರೆ ಸಾಕಿತ್ತು. ತಮ್ಮ ಸಾಯಂಕಾಲದ ಹೊತ್ತಿಗೆ ಮನೆಯಲ್ಲಿರುತ್ತಾನೆ. ಅವಳೂ ಇರುತ್ತಾಳೆ. ತಾಯಿ ಸತ್ತ ಮಗನೊಬ್ಬ ಬೆಂಚಿನ ಮೇಲಿರುತ್ತಾನೆ.

ಅವಳ ಮನೆಯಲ್ಲಿ ಇವತ್ತು ಬೆಳಿಗ್ಗೆಯೂ ಮಷೀನು ಓಡಿತ್ತು. ಎರಡು ವಾರದಿಂದ ಅದರ ಸದ್ದು ಇಂಪಾಗಿದೆ ಎಂದು ಮಗಳು ಹೇಳುತ್ತಿದ್ದಳು. ಈಗ ಮುಟ್ಟಿದರೆ ಜುಂ ಅನ್ನುವುದಿಲ್ಲವಂತೆ.

"ಇಲ್ಲಿ," ಎಂದು ಇನ್ಸ್‌ಪೆಕ್ಟರ್ ಬೆರಳಿಟ್ಟು ತೋರಿಸಿ, ಪೆನ್ನು ಕೊಟ್ಟರು.

ಇಕ್ಕಳಕ್ಕ ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ತುದಿ ಕಾಗದಕ್ಕೆ ತಾಗಿತು, ಒಂದು ನೀಲಿ ಚುಕ್ಕೆ ಮೂಡಿತು. ಅದು ಅಲ್ಲೇ ನಿಂತು ದೊಡ್ಡದಾಗತೊಡಗಿತು.

ಕಾರಿಡಾರಿನಲ್ಲಿ ಹೆಜ್ಜೆಯ ಸದ್ದಾಯಿತು. ಐದು ದಿನದ ಮಾಸಲು ಅಂಗಿಯಲ್ಲಿ ತಮ್ಮ ಒಳಗೆ ಬಂದ. ಅಕ್ಕನ ಮುಖ ನೋಡಲಿಲ್ಲ, ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ ಅವನ ಕಣ್ಣು ನೇರ ಮೇಜಿನ ಮೇಲೆ ಹೋಯಿತು: ಮುಚ್ಚಳ, ಮೋಟರು, ಬ್ರಷ್ ಎರಡು, ಬಿಳಿ ಬಟ್ಟೆಯ ಮೇಲೆ ನೇರಳೆ ತಲೆಯ ಎರಡು ಸ್ಕ್ರೂ.

ಅವನ ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ಬಣ್ಣವೂ ಇಳಿಯಿತು.

"ಅಯ್ಯೋ ಅಕ್ಕ," ಎಂದ ಮೆಲ್ಲಗೆ, ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಮಾತಾಡುವಂತೆ. "ಆ ಎರಡನ್ನ ಯಾಕೆ ಬಿಚ್ಚಿದೆ?"

ಇನ್ಸ್‌ಪೆಕ್ಟರ್ ಅವನನ್ನು ನೋಡಿದರು. ಸ್ಕ್ರೂಗಳನ್ನು ನೋಡಿದರು. ಆಮೇಲೆ ಅವರ ದೃಷ್ಟಿ ನಿಧಾನವಾಗಿ, ಎಡಕ್ಕೆ ಸುತ್ತಿದ ಗಂಟಿನಿಂದ ಸರಿದು, ಪೆನ್ನು ಹಿಡಿದ ಕೈಯ ಮೇಲೆ ಬಂದು ನಿಂತಿತು.